ಮಗನಿಗೆ ಹದಿನೆಂಟು ತುಂಬುವವರೆಗೆ

ಎಫ್‌ಡಿಎ, ಕೆಎಎಸ್ ಎಂದು ಓದುವವರ ನೋಟ್ಸ್‌ನಲ್ಲಿ ಆಧುನಿಕ ಮೈಸೂರಿನ ಇತಿಹಾಸ ಸಾಮಾನ್ಯವಾಗಿ ಒಂದೇ ದಾರಿಯಲ್ಲಿ ಹೋಗುತ್ತದೆ. ಹತ್ತನೇ ಚಾಮರಾಜೇಂದ್ರ ಒಡೆಯರ್, ಪ್ರಜಾ ಪ್ರತಿನಿಧಿ ಸಭೆ, ಶೇಷಾದ್ರಿ ಅಯ್ಯರ್, ಶಿವನಸಮುದ್ರ, ನಾಲ್ವಡಿ ಕೃಷ್ಣರಾಜ ಒಡೆಯರ್, ವಿಶ್ವೇಶ್ವರಯ್ಯ, ಕನ್ನಂಬಾಡಿ. ಈ ಪಟ್ಟಿಯ ನಡುವೆ 1895ರಿಂದ 1902ರವರೆಗೆ ಏಳು ವರ್ಷದ ಒಂದು ಸಂದು ಇದೆ. ಅಲ್ಲಿ ಒಂದು ಸಾಲು ಬರೆದಿರುತ್ತದೆ, ರೀಜೆಂಟ್ ಮಹಾರಾಣಿ ವಾಣಿ ವಿಲಾಸ ಸನ್ನಿಧಾನ ಎಂದು. ಬಹುತೇಕ ನಾವು ಆ ಸಾಲನ್ನು ಹಾರಿಸಿಕೊಂಡು ಮುಂದೆ ಹೋಗುತ್ತೇವೆ. ಅದೇ ವಿಶ್ವ ಇತಿಹಾಸದ ಪುಸ್ತಕ ತೆರೆದರೆ ರಷ್ಯಾದ ಕ್ಯಾಥರೀನ್ ರಾಣಿಯ ಇಸವಿಗಳನ್ನು ಬಾಯಿಪಾಠ ಮಾಡುತ್ತೇವೆ.

ಮಡಿವಾಳದಿಂದ ಕೆ.ಆರ್. ಮಾರುಕಟ್ಟೆ ಕಡೆಗೆ ಹೋಗುವವರಿಗೆ ವಾಣಿ ವಿಲಾಸ ಆಸ್ಪತ್ರೆ ಗೊತ್ತು. ಬಸವನಗುಡಿಗೆ ಕೋಚಿಂಗ್‌ಗೆ ಹೋಗುವವರು ವಾಣಿ ವಿಲಾಸ ರಸ್ತೆಯನ್ನು ದಿನಾ ದಾಟುತ್ತಾರೆ. ಮೈಸೂರಿನವರಿಗೆ ವಿ.ವಿ. ಮೊಹಲ್ಲಾ ಇದೆ. ನಾನು ಹಿರಿಯೂರು ಕಡೆಯವಳು, ನಮಗೆ ವಾಣಿ ವಿಲಾಸ ಸಾಗರ ಇದೆ. (ಚಾಟ್ ತಿನ್ನಲು ಹೋಗುವ ವಿ.ವಿ. ಪುರಂ ಮಾತ್ರ ಈ ಲೆಕ್ಕಕ್ಕೆ ಸೇರುವುದಿಲ್ಲ, ಅದು ವಿಶ್ವೇಶ್ವರಪುರಂ.) ಇಷ್ಟು ಕಡೆ ಹೆಸರಿದ್ದರೂ ವಾಣಿ ವಿಲಾಸ ಯಾರು ಎಂದು ಪಿಜಿಯಲ್ಲಿ ಕೇಳಿದರೆ ಸರಸ್ವತಿಯ ಹೆಸರಲ್ಲವೇ ಎನ್ನುತ್ತಾರೆ. ಅದು ಮೈಸೂರು ಅರಮನೆ ತನ್ನ ರಾಣಿಗೆ ಕೊಟ್ಟ ಬಿರುದು. ಹಿಂದಿನ ರಾಣಿಯರಿಗೆ ರಮಾ ವಿಲಾಸ, ಸೀತಾ ವಿಲಾಸ ಎಂದೆಲ್ಲ ಇದ್ದ ಹಾಗೆ ಇದು. ಅವರ ನಿಜವಾದ ಹೆಸರು ಕೆಂಪನಂಜಮ್ಮಣ್ಣಿ.

ಅವರು ಹುಟ್ಟಿದ್ದು 1866ರಲ್ಲಿ, ನಂಜನಗೂಡಿನ ಹತ್ತಿರದ ಕಳಲೆ ಮನೆತನದಲ್ಲಿ. ತಂದೆ ಸರದಾರ್ ನರಸರಾಜ ಅರಸು. ಕಳಲೆ ಎಂದರೆ ಇತಿಹಾಸ ಓದಿದವರಿಗೆ ಕಿವಿ ನಿಮಿರಬೇಕು. 18ನೇ ಶತಮಾನದಲ್ಲಿ ದಳವಾಯಿ ದೇವರಾಜಯ್ಯ, ನಂಜರಾಜಯ್ಯ ಸೋದರರು ಒಡೆಯರನ್ನು ಹೆಸರಿಗಷ್ಟೇ ಸಿಂಹಾಸನದ ಮೇಲೆ ಕೂರಿಸಿ ಅಧಿಕಾರವನ್ನೆಲ್ಲ ಕೈಯಲ್ಲಿ ಇಟ್ಟುಕೊಂಡಿದ್ದು ಇದೇ ಮನೆತನದಿಂದ ಬಂದು. ಹೈದರಾಲಿ ಮೇಲೆ ಬಂದದ್ದೂ ಅವರ ನೆರಳಿನಲ್ಲೇ. ಅಂಥ ಮನೆಯ ಮಗಳು ಒಂದೂವರೆ ಶತಮಾನದ ನಂತರ ಒಡೆಯರ ಗದ್ದುಗೆಯನ್ನು ಕಾಯುವವಳಾದಳು. ನನಗಂತೂ ಇದೊಂದು ತಮಾಷೆಯ ತಿರುವಾಗಿ ಕಾಣುತ್ತದೆ.

1878ರ ಮೇ 26ರಂದು ಚಾಮರಾಜೇಂದ್ರ ಒಡೆಯರ ಜೊತೆ ಮದುವೆ. ಹುಡುಗಿಗೆ ಹನ್ನೆರಡರ ಆಸುಪಾಸು, ಹುಡುಗನಿಗೆ ಹದಿನೈದು. ಆಗ ಮೈಸೂರು ಒಡೆಯರ ಕೈಯಲ್ಲಿ ಇರಲೇ ಇಲ್ಲ. 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಆಡಳಿತ ಕಿತ್ತುಕೊಂಡಿದ್ದ ಬ್ರಿಟಿಷರು ಐವತ್ತು ವರ್ಷ ಕಮಿಷನರ್‌ಗಳ ಮೂಲಕ ಆಳಿದರು. ಅದರ ಕೊನೆಯ ವರ್ಷಗಳಲ್ಲೇ, 1876ರಿಂದ 78ರವರೆಗೆ, ಆ ಭೀಕರ ಬರ ಬಂತು. 1881ರ ಮಾರ್ಚ್ 25ರಂದು ರಾಜ್ಯ ವಾಪಸ್ ಸಿಕ್ಕಾಗ ಚಾಮರಾಜೇಂದ್ರರಿಗೆ ಹದಿನೆಂಟು ವರ್ಷ. ರಾಜ್ಯದ ಜೊತೆಗೆ ಬರದ ಕಾಲದ 80 ಲಕ್ಷ ರೂಪಾಯಿ ಸಾಲವೂ ಬಂತು. ಬ್ರಿಟಿಷ್ ಸರ್ಕಾರಕ್ಕೆ ವರ್ಷಕ್ಕೆ ಕಟ್ಟುತ್ತಿದ್ದ ಪೊಗದಿ ಇಪ್ಪತ್ನಾಲ್ಕೂವರೆ ಲಕ್ಷದಿಂದ 35 ಲಕ್ಷಕ್ಕೆ ಏರಬೇಕು ಎಂಬ ಷರತ್ತೂ ಇತ್ತು. ಆ ಏರಿಕೆಯನ್ನು ಮುಂದೂಡುತ್ತಾ 1896ರವರೆಗೆ ತಳ್ಳಿದರು. ಈ ಇಸವಿ ನೆನಪಿಡಿ, ಬಿಲ್ಲು ಬಂದಾಗ ಕಟ್ಟಬೇಕಾದವರು ಯಾರು ಎಂಬುದು ಮುಂದೆ ಗೊತ್ತಾಗುತ್ತದೆ.

ಮುಂದಿನ ಹದಿಮೂರು ವರ್ಷ ಕೆಂಪನಂಜಮ್ಮಣ್ಣಿ ರಾಣಿಯಾಗಿದ್ದರು, ತಾಯಿಯಾಗಿದ್ದರು. ಮೂವರು ಹೆಣ್ಣುಮಕ್ಕಳು, ಇಬ್ಬರು ಗಂಡುಮಕ್ಕಳು. ಅರಮನೆಯ ಹೆಂಗಸರು ಹೊರಗಿನ ಗಂಡಸರಿಗೆ ಮುಖ ತೋರಿಸದೆ ಗೋಷಾದಲ್ಲಿದ್ದ ಕಾಲ ಅದು. 1881ರಲ್ಲಿ ಅರಮನೆಯ ಆಶ್ರಯದಲ್ಲಿ ಮೈಸೂರಿನಲ್ಲಿ ಮಹಾರಾಣಿ ಬಾಲಿಕಾ ಪಾಠಶಾಲೆ ಶುರುವಾಯಿತು. ಅಂಬಳೆ ನರಸಿಂಹ ಅಯ್ಯಂಗಾರ್ಯರ ಶ್ರಮದಿಂದ ಬೆಳೆದ ಆ ಶಾಲೆಯೇ ಮುಂದೆ ಮಹಾರಾಣಿ ಕಾಲೇಜಾಯಿತು. ಈ ವರ್ಷಗಳಲ್ಲಿ ರಾಜ್ಯಭಾರದ ದಾಖಲೆಗಳಲ್ಲಿ ರಾಣಿಯ ಹೆಸರು ಹುಡುಕಿದರೆ ಸಿಗುವುದು ಕಡಿಮೆ.

1894ರ ಡಿಸೆಂಬರ್‌ನಲ್ಲಿ ಚಾಮರಾಜೇಂದ್ರರು ಕಲ್ಕತ್ತಕ್ಕೆ ಹೋದರು. ಅಲ್ಲಿ ಗಂಟಲಮಾರಿ, ಅಂದರೆ ಡಿಫ್ತೀರಿಯಾ ತಗುಲಿತು. ಡಿಸೆಂಬರ್ 28ರಂದು ತೀರಿಕೊಂಡರು. ವಯಸ್ಸು ಮೂವತ್ತೊಂದು. ಇವತ್ತು ಮಕ್ಕಳಿಗೆ ಹಾಕಿಸುವ ಒಂದು ಲಸಿಕೆ ತಡೆಯುವ ಕಾಯಿಲೆ ಅದು. ರಾಣಿಗೆ ಆಗ ಇಪ್ಪತ್ತೆಂಟು. ಹಿರಿಯ ಮಗ ಕೃಷ್ಣರಾಜನಿಗೆ ಹತ್ತು ವರ್ಷ, ಕಿರಿಯ ಕಂಠೀರವ ನರಸಿಂಹರಾಜನಿಗೆ ಆರು. ಮಡಿವಾಳದ ಪಿಜಿಗಳಲ್ಲಿ ಇಪ್ಪತ್ತೆಂಟು ಎಂದರೆ ವಯೋಮಿತಿ ಮೀರುವ ಮೊದಲು ಇನ್ನೆಷ್ಟು ಪ್ರಯತ್ನ ಬಾಕಿ ಎಂದು ಲೆಕ್ಕ ಹಾಕುವ ವಯಸ್ಸು.

ಮೈಸೂರಿಗೆ ಬಾಲರಾಜ ಹೊಸಬನಲ್ಲ. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಐದು ವರ್ಷದ ಮುಮ್ಮಡಿ ಕೃಷ್ಣರಾಜನನ್ನು ಗದ್ದುಗೆಯಲ್ಲಿ ಕೂರಿಸಿದಾಗ ಹಿಂದೆ ನಿಂತವರು ರಾಣಿ ಲಕ್ಷ್ಮಮ್ಮಣ್ಣಿ ಮತ್ತು ದಿವಾನ್ ಪೂರ್ಣಯ್ಯ. ಆ ಹುಡುಗ ದೊಡ್ಡವನಾಗಿ ಆಳಿದ ಕಥೆ 1831ರಲ್ಲಿ ಹೇಗೆ ಮುಗಿಯಿತು ಎಂಬುದು ಎಲ್ಲರಿಗೂ ನೆನಪಿತ್ತು. ರಾಜ್ಯ ವಾಪಸ್ ಬಂದು ಇನ್ನೂ ಹದಿನಾಲ್ಕು ವರ್ಷ ತುಂಬಿರಲಿಲ್ಲ. ಆಡಳಿತ ಹದಗೆಟ್ಟಿದೆ ಎಂಬ ಒಂದು ನೆಪ ಸಿಕ್ಕಿದರೆ ಮೈಸೂರು ಮತ್ತೆ ಕಮಿಷನರ್ ಕೈಗೆ ಹೋಗಬಹುದಿತ್ತು. ರಾಣಿಯ ಮುಂದಿದ್ದ ನಿಜವಾದ ಪ್ರಶ್ನೆ ಇದೇ ಎಂದು ನನಗನ್ನಿಸುತ್ತದೆ. ಮಗ ಪ್ರಾಯಕ್ಕೆ ಬರುವ ಹೊತ್ತಿಗೆ ಅವನಿಗೆ ಕೊಡಲು ರಾಜ್ಯ ಉಳಿದಿರಬೇಕು.

1895ರ ಫೆಬ್ರವರಿ 1ರಂದು ಹತ್ತು ವರ್ಷದ ಕೃಷ್ಣರಾಜನಿಗೆ ಪಟ್ಟವಾಯಿತು, ತಾಯಿ ರೀಜೆಂಟ್ ಆದರು. ದಿವಾನ್ ಶೇಷಾದ್ರಿ ಅಯ್ಯರ್ ಅವರಿಗೆ ಸಹಾಯಕ್ಕೆ ಕೌನ್ಸಿಲ್ ರಚನೆಯಾಯಿತು. ಟಿ.ಆರ್.ಎ. ತಂಬುಚೆಟ್ಟಿಯವರಂಥ ಹಿರಿಯರು ಅದರಲ್ಲಿದ್ದರು. ಕೌನ್ಸಿಲ್ ಚರ್ಚಿಸಬೇಕು, ರಾಣಿ ಒಪ್ಪಬೇಕು, ಬ್ರಿಟಿಷ್ ರೆಸಿಡೆಂಟ್ ಎಲ್ಲದರ ಮೇಲೂ ಕಣ್ಣಿಟ್ಟಿರುತ್ತಾನೆ. ರಾಜ್ಯದ ಜನಸಂಖ್ಯೆ 1891ರ ಗಣತಿಯಂತೆ 49 ಲಕ್ಷ.

ಇಲ್ಲೊಂದು ಮಾತು ನೇರವಾಗಿ ಹೇಳಬೇಕು. ಈ ಏಳು ವರ್ಷಗಳ ಕೆಲಸವೆಲ್ಲ ಶೇಷಾದ್ರಿ ಅಯ್ಯರ್ ಅವರದು, ರಾಣಿ ಸಹಿ ಹಾಕಿದರಷ್ಟೇ ಎಂದು ವಾದಿಸುವವರಿದ್ದಾರೆ. ಅದರಲ್ಲಿ ಅರ್ಧ ನಿಜವಿದೆ. ಅಯ್ಯರ್ 1883ರಿಂದ ದಿವಾನರಾಗಿದ್ದವರು, ಯೋಜನೆಗಳ ಬುದ್ಧಿಯೂ ಹಟವೂ ಅವರದೇ. ಆದರೆ ಅವರಿಗೆ ಶತ್ರುಗಳೂ ಕಡಿಮೆ ಇರಲಿಲ್ಲ. ದೊಡ್ಡ ಹುದ್ದೆಗಳೆಲ್ಲ ಮದರಾಸಿನಿಂದ ಬಂದವರಿಗೆ ಹೋಗುತ್ತಿವೆ, ಮೈಸೂರಿನವರಿಗೆ ಸಿಗುತ್ತಿಲ್ಲ ಎಂಬ ಅಸಮಾಧಾನ ಆಗಲೇ ಜೋರಾಗಿತ್ತು. 1891ರಲ್ಲೇ ಸಿವಿಲ್ ಸರ್ವಿಸ್‌ಗೆ ಸ್ಪರ್ಧಾತ್ಮಕ ಪರೀಕ್ಷೆ ಶುರುವಾಗಿದ್ದರೂ ದೂರು ನಿಂತಿರಲಿಲ್ಲ. (ಹೊರಗಿನವರಿಗೆ ಕೆಲಸ, ನಮಗಿಲ್ಲ ಎಂಬ ಜಗಳ ಸಿಲ್ಕ್ ಬೋರ್ಡ್ ಜಂಕ್ಷನ್‌ಗಿಂತ ಎಷ್ಟು ಹಳೆಯದು ನೋಡಿ.) ಅಂಥ ದಿವಾನರನ್ನು ಹೊಸ ರೀಜೆಂಟ್ ಬದಲಾಯಿಸಲು ಹೊರಟಿದ್ದರೆ ಬೆಂಬಲಿಸುವವರು ಸಿಗುತ್ತಿದ್ದರು. ಅವರು ಹಾಗೆ ಮಾಡಲಿಲ್ಲ. ಗಂಡನ ಕಾಲದ ದಿವಾನರನ್ನು 1901ರಲ್ಲಿ ಆರೋಗ್ಯ ಕೆಟ್ಟು ಅವರೇ ಬಿಡುವವರೆಗೂ ಉಳಿಸಿಕೊಂಡರು. ಸಮರ್ಥನೊಬ್ಬನನ್ನು ಕೆಲಸ ಮಾಡಲು ಬಿಡುವುದೂ ರಾಜ್ಯಭಾರವೇ. ಬಿಟ್ಟು ನೋಡಿದವರಿಗೆ ಅದರ ಕಷ್ಟ ಗೊತ್ತು.

ಕಷ್ಟಗಳು ಸರದಿಯಲ್ಲಿ ಬಂದವು. 1896ರಲ್ಲಿ ಮುಂದೂಡಿದ್ದ ಪೊಗದಿಯ ಗಡುವು ಮುಗಿಯಿತು. ಖಜಾನೆಯಿಂದ ವರ್ಷಕ್ಕೆ ಹತ್ತೂವರೆ ಲಕ್ಷ ಹೆಚ್ಚುವರಿಯಾಗಿ ಹೊರಗೆ ಹೋಗತೊಡಗಿತು. 1897ರ ಫೆಬ್ರವರಿಯಲ್ಲಿ ಹಿರಿಯ ಮಗಳು ಜಯಲಕ್ಷ್ಮಮ್ಮಣ್ಣಿಯ ಮದುವೆ. ಆ ಮದುವೆಯ ಸಂಭ್ರಮದಲ್ಲೇ ಮೈಸೂರಿನ ಹಳೆಯ ಮರದ ಅರಮನೆಗೆ ಬೆಂಕಿ ಬಿತ್ತು. ರಾಜಮನೆತನ ಜಗನ್ಮೋಹನ ಅರಮನೆಗೆ ವಾಸ ಬದಲಿಸಿತು. ಹೊಸ ಅರಮನೆಯ ನಕ್ಷೆಯ ಕೆಲಸವನ್ನು ಹೆನ್ರಿ ಇರ್ವಿನ್ ಎಂಬ ವಾಸ್ತುಶಿಲ್ಪಿಗೆ ವಹಿಸಿ ಅದೇ ವರ್ಷ ಕೆಲಸ ಆರಂಭಿಸಿದರು. ಇವತ್ತು ದಸರಾದಲ್ಲಿ ದೀಪ ಹಚ್ಚಿಕೊಂಡು ನಿಲ್ಲುವ ಅರಮನೆ ಅದೇ. ಅದು ಪೂರ್ತಿಯಾದದ್ದು 1912ರಲ್ಲಿ, ಖರ್ಚು 41 ಲಕ್ಷಕ್ಕೂ ಹೆಚ್ಚು. ಅರಮನೆಗೆ ಅಷ್ಟು ಹಣ ಬೇಕಿತ್ತೇ ಎಂದು ಇವತ್ತು ಕೇಳಬಹುದು. ಗದ್ದುಗೆಯಲ್ಲಿ ಹುಡುಗನೊಬ್ಬ ಕುಳಿತಿರುವಾಗ ಅರಮನೆ ಬೂದಿಯಾಗಿಯೇ ಉಳಿದರೆ ಊರು ಏನು ಅರ್ಥ ಮಾಡಿಕೊಳ್ಳುತ್ತಿತ್ತು ಎಂಬುದನ್ನೂ ಯೋಚಿಸಬೇಕು.

1897ರ ಜೂನ್ 22ರಂದು ರಾಣಿ ಬೆಂಗಳೂರಿನಲ್ಲಿ ವಿಕ್ಟೋರಿಯಾ ಆಸ್ಪತ್ರೆಗೆ ಅಡಿಗಲ್ಲು ಹಾಕಿದರು. ಅದಾಗಿ ಒಂದೂವರೆ ವರ್ಷವೂ ಕಳೆಯಲಿಲ್ಲ, 1898ರ ಆಗಸ್ಟ್‌ನಲ್ಲಿ ಪ್ಲೇಗ್ ಬಂತು. ಅದು ರೈಲಿನಲ್ಲಿ ಬಂತು. ಹುಬ್ಬಳ್ಳಿ ಕಡೆಯಿಂದ ಬೆಂಗಳೂರಿಗೆ, ಬೆಂಗಳೂರಿನಿಂದ ಮೈಸೂರಿಗೆ. ಚಿಕ್ಕಪೇಟೆ, ಬಳೇಪೇಟೆಯ ಒತ್ತೊತ್ತು ಮನೆಗಳಲ್ಲಿ ಇಲಿ ಬಿದ್ದರೆ ಜನ ಮನೆ ಬಿಟ್ಟು ಬಯಲಿಗೆ ಓಡುತ್ತಿದ್ದರು. ಪ್ಲೇಗ್ ಕಮಿಷನರ್ ಆಗಿ ವಿ.ಪಿ. ಮಾಧವರಾಯರನ್ನು ನೇಮಿಸಿದರು. ಮನೆ ತಪಾಸಣೆ, ರೋಗಿಗಳನ್ನು ಬೇರೆ ಇಡುವುದು, ಮನೆ ಖಾಲಿ ಮಾಡಿಸುವುದು ಇವೆಲ್ಲ ಶುರುವಾದವು. ಜನ ಸುಮ್ಮನೆ ಒಪ್ಪಲಿಲ್ಲ. ಶ್ರೀರಂಗಪಟ್ಟಣದ ಬಳಿಯ ಗಂಜಾಂನಲ್ಲಿ ದಂಗೆಯೇ ಆಯಿತು. ಕೋವಿಡ್ ಕಾಲದಲ್ಲಿ ಕಂಟೈನ್‌ಮೆಂಟ್ ತಗಡು ಹೊಡೆದ ಬೀದಿಯಲ್ಲಿ ಇದ್ದವರಿಗೆ ಆ ಸಿಟ್ಟು ಅರ್ಥವಾಗುತ್ತದೆ. ಊರೂರಲ್ಲಿ ಪ್ಲೇಗ್ ಮಾರಮ್ಮನ ಗುಡಿಗಳು ಎದ್ದವು, ಕೆಲವು ಈಗಲೂ ಇವೆ.

ಆ ಪ್ಲೇಗ್ ಬೆಂಗಳೂರಿನ ಆಕಾರವನ್ನೇ ಬದಲಿಸಿತು. ಉತ್ತರಕ್ಕೆ ಮಲ್ಲೇಶ್ವರ, ದಕ್ಷಿಣಕ್ಕೆ ಬಸವನಗುಡಿ, ಅಗಲ ರಸ್ತೆಗಳ, ಗಾಳಿ ಬೆಳಕಿನ ಎರಡು ಬಡಾವಣೆಗಳು ಬೆಳೆದವು. ಪ್ಲೇಗ್ ಕಾರ್ಯಾಚರಣೆಗೆಂದು ಊರಿಗೆ ಟೆಲಿಫೋನ್ ತಂತಿ ಬಂತು. ದಕ್ಷಿಣ ಬೆಂಗಳೂರು ಎಂದು ಇವತ್ತು ನಾವು ಕರೆಯುವುದು ಬಸವನಗುಡಿಯಿಂದ ಬೆಳೆಯುತ್ತಾ ಜಯನಗರ, ಬನಶಂಕರಿ, ಬಿಟಿಎಂ ದಾಟಿ ನಮ್ಮ ಮಡಿವಾಳದಂಥ ಹಳ್ಳಿಗಳನ್ನು ನುಂಗಿದ ಊರು. ಇದೇ ವರ್ಷಗಳಲ್ಲಿ ಜಮ್‌ಶೆಟ್‌ಜಿ ಟಾಟಾ ಜಪಾನಿನ ಪರಿಣತರನ್ನು ಕರೆಸಿ ರೇಷ್ಮೆ ತೋಟ ಮಾಡಲು ಮೈಸೂರು ಸರ್ಕಾರ ಜಾಗ ಕೊಟ್ಟು ಧನಸಹಾಯವನ್ನೂ ನೀಡಿತು. ಟಾಟಾ ಸಿಲ್ಕ್ ಫಾರಂ ಎಂದು ಬಸ್ ಕಂಡಕ್ಟರ್ ಕೂಗುವುದು ಆ ತೋಟದ ಹೆಸರನ್ನು. ಟಾಟಾರ ವಿಜ್ಞಾನ ಸಂಸ್ಥೆಯ ಕನಸಿಗೆ ಮೈಸೂರಿನ ಆಸಕ್ತಿ ಶುರುವಾದದ್ದೂ ಆಗಲೇ. ಜಾಗ ಕೊಟ್ಟದ್ದು ಮಾತ್ರ ಮಗನ ಕಾಲದಲ್ಲಿ, 1907ರಲ್ಲಿ, 371 ಎಕರೆ.

ಈಗ ಶಿವನಸಮುದ್ರ. ನೀರಿನಿಂದ ವಿದ್ಯುತ್ ತೆಗೆದು ದೂರಕ್ಕೆ ಸಾಗಿಸುವುದು ಜಗತ್ತಿಗೇ ಹೊಸ ವಿದ್ಯೆ. 1899ರಲ್ಲಿ ಎಂಜಿನಿಯರ್ ಲಾಟ್‌ಬಿನಿಯೇರ್ ಅವರನ್ನು ಯುರೋಪ್, ಅಮೆರಿಕಕ್ಕೆ ಕಳುಹಿಸಿ ನೋಡಿಕೊಂಡು ಬರಲು ಹೇಳಿದರು. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ ವಿದ್ಯುತ್ ಯಂತ್ರ ಒದಗಿಸಿತು, ಸ್ವಿಟ್ಜರ್‌ಲೆಂಡಿನಿಂದ ಟರ್ಬೈನ್ ಬಂತು. ಮದ್ದೂರು ರೈಲು ನಿಲ್ದಾಣದಿಂದ ಮುಂದೆ ಅವನ್ನು ಎಳೆದದ್ದು ಎತ್ತು ಮತ್ತು ಆನೆಗಳು. ಪ್ಲೇಗ್ ಇನ್ನೂ ಹೋಗಿರಲಿಲ್ಲ, ಖಜಾನೆಯಿಂದ ಪೊಗದಿ ಹೋಗುತ್ತಲೇ ಇತ್ತು, ಅರಮನೆ ಏಳುತ್ತಿತ್ತು. ಯಾರಾದರೂ ಇದು ಸದ್ಯಕ್ಕೆ ಬೇಡ, ಮಗ ದೊಡ್ಡವನಾಗಲಿ ಎಂದಿದ್ದರೆ ತಪ್ಪು ಎನ್ನಲಾಗುತ್ತಿರಲಿಲ್ಲ. ಆದರೂ ಕೆಲಸ ನಿಲ್ಲಲಿಲ್ಲ. ಲೆಕ್ಕ ಸರಳವಾಗಿತ್ತು. ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಬೇಕು, ಅವರು ದುಡ್ಡು ಕೊಡುತ್ತಾರೆ, ಗಣಿ ಆಳಕ್ಕೆ ಹೋದಷ್ಟೂ ರಾಜ್ಯಕ್ಕೆ ರಾಜಧನ ಬರುತ್ತದೆ. 1902ರ ಜೂನ್ 30ರಂದು ಕಾವೇರಿಯ ವಿದ್ಯುತ್ 92 ಮೈಲಿ ತಂತಿಯ ಮೇಲೆ ಹರಿದು ಕೆಜಿಎಫ್ ತಲುಪಿತು. ಬೆಂಗಳೂರಿನ ಬೀದಿದೀಪಕ್ಕೆ ಸರದಿ ಬಂದದ್ದು ಇನ್ನೂ ಮೂರು ವರ್ಷದ ನಂತರ. ಗಣಿಯ ಕಾರ್ಮಿಕರಿಗೆ ಅದರಿಂದ ಎಷ್ಟು ಬೆಳಕು ಸಿಕ್ಕಿತು ಎಂಬುದು ಬೇರೆಯೇ ಲೇಖನ.

ನಮ್ಮ ಕಡೆಯ ಅಣೆಕಟ್ಟಿನ ಕಥೆಯೂ ಇದೇ ಕಾಲದ್ದು. ಹಿರಿಯೂರಿನ ಬಳಿ ವೇದಾವತಿ ನದಿ ಎರಡು ಗುಡ್ಡಗಳ ನಡುವಿನ ಕಿರುದಾರಿಯಲ್ಲಿ ತೂರಿ ಹೋಗುತ್ತದೆ, ಅದೇ ಮಾರಿ ಕಣಿವೆ. ಚಿತ್ರದುರ್ಗ ಸೀಮೆಯ ಮಳೆ ಎಂದರೆ ಬಂದರೆ ಬಂತು ಎನ್ನುವ ಮಳೆ. ಅಲ್ಲಿ ಕಟ್ಟೆ ಕಟ್ಟಬೇಕೆಂಬ ಯೋಚನೆ ಹಳೆಯದು, ಕೈ ಹಾಕಿದ್ದು ರಾಣಿಯ ಆಡಳಿತದಲ್ಲಿ. 1907ಕ್ಕೆ ಮುಗಿದ ಆ ಕಟ್ಟೆಯ ಹಿಂದೆ 30 ಟಿಎಂಸಿ ನೀರು ನಿಲ್ಲುತ್ತದೆ, 130 ಅಡಿ ತುಂಬಿದರೆ ಕೋಡಿ. ಕನ್ನಂಬಾಡಿಯ ಕೆಲಸ ಶುರುವಾಗುವ ಮೊದಲೇ ಇದು ಮುಗಿದಿತ್ತು.

ಇನ್ನು ಮಗ. 1896ರಿಂದ ಐಸಿಎಸ್ ಅಧಿಕಾರಿ ಸ್ಟೂವರ್ಟ್ ಫ್ರೇಸರ್ ಬಾಲರಾಜನ ಗುರುವಾದರು. ಇಂಗ್ಲಿಷರ ಕೈಯಲ್ಲಿ ಬೆಳೆದ ಎಷ್ಟೋ ರಾಜಕುಮಾರರು ಪೋಲೋ, ಶಿಕಾರಿ, ಯುರೋಪ್ ಪ್ರವಾಸದಲ್ಲೇ ಕಳೆದುಹೋದರು. ಕೃಷ್ಣರಾಜ ಪೋಲೋವನ್ನೂ ಆಡಿದ, ಪಿಯಾನೋವನ್ನೂ ನುಡಿಸಿದ, ಜೊತೆಗೆ ವೀಣೆ ಕಲಿತ, ಪೂಜೆ ಬಿಡಲಿಲ್ಲ. ಮನೆಯೊಳಗಿನ ಪಾಲು ಯಾರದೆಂದು ಊಹಿಸಲು ಕಷ್ಟವಿಲ್ಲ. 1900ರಲ್ಲಿ ಕಾಠಿಯಾವಾಡದ ಪ್ರತಾಪಕುಮಾರಿ ದೇವಿಯನ್ನು ಸೊಸೆಯಾಗಿ ತಂದರು.

1902ರ ಜೂನ್ 4ಕ್ಕೆ ಕೃಷ್ಣರಾಜರಿಗೆ ಹದಿನೆಂಟು ತುಂಬಿತು. ಆಗಸ್ಟ್ 8ರಂದು ಜಗನ್ಮೋಹನ ಅರಮನೆಯ ಮಂಟಪದಲ್ಲಿ ವೈಸರಾಯ್ ಕರ್ಜನ್ ಎದುರು ಅವರು ಅಧಿಕಾರ ವಹಿಸಿಕೊಂಡರು. ನಡುವೆ ಎರಡೇ ತಿಂಗಳು.

ಆರಂಭದಲ್ಲಿ ಹೇಳಿದ ರಷ್ಯಾದ ರಾಣಿಯನ್ನು ಈಗ ಪಕ್ಕದಲ್ಲಿಟ್ಟು ನೋಡಬೇಕು. ಕ್ಯಾಥರೀನ್ ಜರ್ಮನಿಯಿಂದ ಸೊಸೆಯಾಗಿ ಬಂದವಳು. 1754ರಲ್ಲಿ ಮಗ ಪಾವೆಲ್ ಹುಟ್ಟಿದ ಕೂಡಲೇ ಅಂದಿನ ಸಾಮ್ರಾಜ್ಞಿ ಎಲಿಜಬೆತ್ ಕೂಸನ್ನು ತನ್ನ ಕೋಣೆಗೆ ಎತ್ತಿಕೊಂಡು ಹೋದಳು. 1762ರಲ್ಲಿ ಕ್ಯಾಥರೀನ್ ಸೈನ್ಯದ ಬಲದಿಂದ ಗಂಡ ಮೂರನೇ ಪೀಟರನನ್ನು ಇಳಿಸಿ ತಾನೇ ಗದ್ದುಗೆ ಏರಿದಳು. ಮಗನಿಗೆ ಹದಿನೆಂಟಾಯಿತು, ಮೂವತ್ತಾಯಿತು, ನಲವತ್ತಾಯಿತು. ಅವಳು ಬಿಡಲಿಲ್ಲ. 34 ವರ್ಷ ಆಳಿ 1796ರಲ್ಲಿ ಸತ್ತಾಗಲೇ ಪಾವೆಲ್‌ಗೆ ರಾಜ್ಯ ಸಿಕ್ಕಿದ್ದು. ಮರುವರ್ಷವೇ ಅವನು ಉತ್ತರಾಧಿಕಾರದ ಕಾನೂನು ಬದಲಿಸಿದ. ಗಂಡುಸಂತಾನ ಇರುವವರೆಗೆ ಹೆಣ್ಣಿಗೆ ಗದ್ದುಗೆ ಇಲ್ಲ. ರಷ್ಯಾಕ್ಕೆ ಮತ್ತೆ ಸಾಮ್ರಾಜ್ಞಿ ಬರಲೇ ಇಲ್ಲ. ಅದಕ್ಕೂ ಮೊದಲು, 1740ರಲ್ಲಿ, ಅನ್ನಾ ಲಿಯೊಪೊಲ್ಡೊವ್ನಾ ಎಂಬ ತಾಯಿ ಹಸುಗೂಸು ಆರನೇ ಇವಾನ್‌ನ ಪರವಾಗಿ ರೀಜೆಂಟ್ ಆಗಿದ್ದಳು. ಒಂದೇ ವರ್ಷದಲ್ಲಿ ಅವಳನ್ನು ಕೆಳಗಿಳಿಸಿದರು. ಅವಳು ಗಡೀಪಾರಿನಲ್ಲಿ ಸತ್ತಳು, ಮಗ ಸೆರೆಮನೆಯಲ್ಲಿ ಬೆಳೆದು ಅಲ್ಲೇ ಕೊಲೆಯಾದ.

ಕ್ಯಾಥರೀನ್ ದೊಡ್ಡ ಸಾಮ್ರಾಜ್ಯದ ದೊರೆ, ಕೆಂಪನಂಜಮ್ಮಣ್ಣಿ ಬ್ರಿಟಿಷರ ಅಧೀನದ ಸಂಸ್ಥಾನದ ಉಸ್ತುವಾರಿ. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ, ಗೊತ್ತು. ಮೈಸೂರಿನ ರಾಣಿ ಬಿಡುವುದಿಲ್ಲ ಎಂದಿದ್ದರೂ ಕರ್ಜನ್ ಬಿಡಿಸುತ್ತಿದ್ದ. ಆದರೂ ಅಧಿಕಾರ ಬಿಟ್ಟ ಮೇಲಿನ ಅವರ ಬದುಕು ಗಮನಿಸುವಂಥದ್ದು. ಆಗ ಅವರಿಗೆ ಮೂವತ್ತಾರು ವರ್ಷ. ಮುಂದೆ ಇನ್ನೂ ಮೂವತ್ತೆರಡು ವರ್ಷ ಬದುಕಿದರು. ಅರಮನೆಯಲ್ಲಿ ಎರಡನೇ ದರ್ಬಾರು ಹುಟ್ಟಲಿಲ್ಲ. ಮಗ ದಿವಾನರನ್ನು ಬದಲಿಸಿದ, ವಿಶ್ವೇಶ್ವರಯ್ಯನವರನ್ನು ತಂದ, 1918ರಲ್ಲಿ ಅವರು ಹುದ್ದೆ ಬಿಟ್ಟಾಗ ಬಂದ ದಿವಾನ್ ರಾಣಿಯ ತಮ್ಮ ಕಾಂತರಾಜ ಅರಸು. ಹಿಂದುಳಿದವರಿಗೆ ಸರ್ಕಾರಿ ಕೆಲಸದಲ್ಲಿ ಪಾಲು ಬೇಕೆಂದು ನೇಮಿಸಿದ ಮಿಲ್ಲರ್ ಸಮಿತಿ ವರದಿ ಕೊಟ್ಟದ್ದು ಅವರ ಕಾಲದಲ್ಲಿ, 1919ರಲ್ಲಿ. ಪ್ರಿಲಿಮ್ಸ್ ಬರೆಯುವವರು ಈ ಇಸವಿಯನ್ನಾದರೂ ಬಿಡುವುದಿಲ್ಲ.

ಮನೆಯೊಳಗೆ ಸುಖವೇ ಇತ್ತು ಎನ್ನುವಂತಿಲ್ಲ. ಮಗಳು ಕೃಷ್ಣಾಜಮ್ಮಣ್ಣಿ ಕ್ಷಯದಿಂದ ತೀರಿಕೊಂಡರು. ಮೈಸೂರಿನ ಪಿಕೆಟಿಬಿ ಆಸ್ಪತ್ರೆಯ ಮೊದಲೆರಡು ಅಕ್ಷರ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರದು. ನಾಲ್ವಡಿಯವರಿಗೆ ಮಕ್ಕಳಾಗಲಿಲ್ಲ. ಗಂಡನನ್ನು ಗಂಟಲಮಾರಿಗೆ, ಮಗಳನ್ನು ಕ್ಷಯಕ್ಕೆ ಕಳೆದುಕೊಂಡು, ಪ್ಲೇಗ್ ಕಂಡ ಹೆಂಗಸಿನ ಹೆಸರು ರಾಜ್ಯದಲ್ಲಿ ಆಸ್ಪತ್ರೆಯೊಂದಕ್ಕೆ ಉಳಿದಿದೆ. 1934ರ ಜುಲೈ 7ರಂದು ಬೆಂಗಳೂರಿನಲ್ಲಿ ಅವರು ಕಣ್ಣು ಮುಚ್ಚಿದರು. ಅವರೇ ಅಡಿಗಲ್ಲು ಹಾಕಿದ್ದ ವಿಕ್ಟೋರಿಯಾ ಆಸ್ಪತ್ರೆಯ ಪಕ್ಕದಲ್ಲಿ, ಹೆಂಗಸರು ಮಕ್ಕಳಿಗೆಂದು, ವಾಣಿ ವಿಲಾಸ ಆಸ್ಪತ್ರೆ ಬಾಗಿಲು ತೆರೆದದ್ದು 1935ರಲ್ಲಿ.

ತಮ್ಮ ಹೆಸರಿನ ಸಾಗರ ತುಂಬಿ ಕೋಡಿ ಹರಿದದ್ದನ್ನು ಅವರು ಬದುಕಿರುವಾಗಲೇ ಕೇಳಿದ್ದರು. ಅದು 1933ರಲ್ಲಿ, ಸಾಯುವ ಹಿಂದಿನ ವರ್ಷ. ಆಮೇಲೆ ಎಷ್ಟೋ ತಲೆಮಾರು ಕೋಡಿ ನೋಡದೆ ಹೋದವು. ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರ್‌ನಲ್ಲಿ, 89 ವರ್ಷದ ನಂತರ. ಅವತ್ತು ಸುತ್ತಲಿನ ಊರುಗಳಿಂದ ಜನ ಟ್ರ್ಯಾಕ್ಟರ್ ಮಾಡಿಕೊಂಡು ಮಾರಿ ಕಣಿವೆಗೆ ಬಂದಿದ್ದರು.